ಬಬಲೇಶ್ವರದ ರಾಕ್ಷಸ ಹಕ್ಕಿ

ಬಬಲೇಶ್ವರದ ಶಿವಯೋಗೆಪ್ಪನ ದನಿ ಕೇಳದವರು ಎರಡೇ ಬಗೆ: ಹುಟ್ಟು ಕಿವುಡರು, ಮತ್ತು ಕೃಷ್ಣಾ ನದಿಯ ಆಚೆ ದಂಡೆಯವರು. ಉಳಿದ ಲೋಕವೆಲ್ಲ ಅದನ್ನು ಉಂಡು ಉಟ್ಟು ಬೆಳೆದದ್ದೇ. ಹಗಲು ಅವನು ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಗಿರಣಿಯ ಬೆಲ್ಟು ಎಷ್ಟು ಅಬ್ಬರಿಸಿದರೂ ಅವನ ಗಂಟಲು ಅದಕ್ಕಿಂತ ಒಂದು ಕೈ ಮೇಲೆ. "ಯಾರದಲೇ ಈ ಸಜ್ಜಿ?" ಎಂದು ಕೂಗಿದರೆ, ಮಮದಾಪುರದ ಬಸ್ಸಿಗೆ ಕಾಯುತ್ತ ನಿಂತವರೂ ತಮ್ಮ ಚೀಲ ತಡವಿಕೊಳ್ಳುತ್ತಿದ್ದರು.

ಸುಗ್ಗಿ ಮುಗಿದ ಮೇಲೆ ಅದೇ ಗಂಟಲು ದೊಡ್ಡಾಟದ ರಾಕ್ಷಸರಿಗೆ ಸಲ್ಲುತ್ತಿತ್ತು. ನಮ್ಮ ಮೇಳದಲ್ಲಿ ಯಾವ ಅಸುರ ಸಾಯಬೇಕಾದರೂ ಶಿವಯೋಗೆಪ್ಪನ ಮೈಮೇಲೆಯೇ ಸಾಯಬೇಕು. ದೊಡ್ಡಾಟಕ್ಕೆ ಒಂದು ಕಟ್ಟುಪಾಡಿದೆ. ರಂಗಕ್ಕೆ ಯಾರೇ ಬರಲಿ, ಸಾರಥಿ ಎಂಬವನು ಅಡ್ಡಗಟ್ಟಿ ಕೇಳುತ್ತಾನೆ: ತಾವು ಯಾರು, ಯಾವ ಸ್ಥಳ, ಏನು ಹೆಸರು? ಬಂದವನು ಎದೆ ತುಂಬ ಉಸಿರೆಳೆದು ಉತ್ತರ ಕೊಡಬೇಕು. ಕೊಡದೆ ಕೆಳಗಿಳಿದರೆ ರಂಗಕ್ಕೆ ಅಪಮಾನ. ಇಂದ್ರನಿಗೂ ವಿನಾಯಿತಿ ಇಲ್ಲ. ನಮ್ಮ ಮೇಳದ ಸಾರಥಿ ಗೈಬುಸಾಬ. ಬಸ್‌ಸ್ಟ್ಯಾಂಡಿನ ಹತ್ತಿರ ಪಂಚರ್ ಅಂಗಡಿ ಇಟ್ಟುಕೊಂಡು, ಗಾಳಿ ತುಂಬಿಸಲು ಬಂದವರನ್ನೂ ಊರು ಹೆಸರು ಕೇಳದೆ ಬಿಡದ ಮನುಷ್ಯ. ಇವನು ಕೇಳುವುದು, ಅವನು ಗರ್ಜಿಸುವುದು; ಈ ಜೋಡಿ ನೊಗಕ್ಕೆ ಬಿದ್ದ ಎತ್ತುಗಳ ಹಾಗೆ ಒಟ್ಟಿಗೇ ಮುದಿಯಾಗುತ್ತಿತ್ತು.

ಹೋದ ವರ್ಷ ಒಂದು ಆಟದಲ್ಲಿ ಶಿವಯೋಗೆಪ್ಪ ರಂಗಕ್ಕೆ ಹಾರಿ, ಕತ್ತಿ ಝಳಪಿಸಿ, ಬಾಯಿ ತೆರೆದ. ಗರ್ಜನೆಯ ಬದಲು ಬರೀ ಗಾಳಿ ಬಂತು, ಬತ್ತಿದ ಬೋರಿನ ಪಂಪು ಎಳೆದ ಹಾಗೆ. ಜನ ಇದೂ ಪಾತ್ರದ ಭಾಗವೆಂದು ಚಪ್ಪಾಳೆ ತಟ್ಟಿದರು. ಗೈಬುಸಾಬ ಮಾತ್ರ ತಟ್ಟಲಿಲ್ಲ.

ವಿಜಯಪುರದ ಗಂಟಲ ಡಾಕ್ಟರು ಅರುಣಕುಮಾರ ಅವರು ಕೊಳವೆ ಇಳಿಸಿ ನೋಡಿ, ದನಿಯ ತಂತಿಯ ಮೇಲೆ ಗಂಟು ಕೂತಿದೆ ಎಂದರು. ಅದನ್ನು ತೆಗೆದೂ ಕೊಟ್ಟರು. ಅದು ಕ್ಯಾನ್ಸರಿನ ಗಂಟು ಅಲ್ಲ ಎಂದು ತಿಳಿದ ದಿನ ಶಿವಯೋಗೆಪ್ಪನ ಹೆಂಡತಿ ಗುರುಸಿದ್ದವ್ವ ಸಿದ್ಧೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿದಳು. ಆದರೆ ಡಾಕ್ಟರರ ಕೊನೆಯ ಮಾತು ಕಟುವಾಗಿತ್ತು.

"ಗಾಯ ಇನ್ನಾ ಹಸಿ ಐತಿ. ನಾ ಹೇಳೂತನಕ ಮಾತು ಬ್ಯಾಡ. ಕೂಗೂದಂತೂ ಬ್ಯಾಡಾ ಬ್ಯಾಡ. ಒಂದ ಸಲ ಒದರಿದ್ರಿ ಅಂದ್ರ, ಇದ್ದ ದನಿನೂ ಕಾಯಂ ಹೋಗಬಹುದು. ಆಮ್ಯಾಲ ನನ್ನ ಕಡೆ ಔಷಧ ಇಲ್ಲರಿ."

ಶಿವಯೋಗೆಪ್ಪ ತಲೆ ಅಲ್ಲಾಡಿಸಿದ. ಅಂದಿನಿಂದ ಬಬಲೇಶ್ವರಕ್ಕೆ ಗಡಿಯಾರ ನಿಂತ ಹಾಗಾಯಿತು. ಗಿರಣಿಯಲ್ಲಿ ಅವನು ಹೇಳಬೇಕಾದದ್ದನ್ನು ತಗಡಿನ ಮೇಲೆ ಚೆಲ್ಲಿದ ಹಿಟ್ಟಿನಲ್ಲಿ ಬೆರಳಿನಿಂದ ಬರೆಯತೊಡಗಿದ. ಬೈಗುಳವನ್ನೂ ಹಿಟ್ಟಿನಲ್ಲೇ ಬರೆಯುತ್ತಿದ್ದ. ಆದರೆ ಬೈಸಿಕೊಳ್ಳಬೇಕಾದವನು ಬಗ್ಗಿ ಓದಿ ಮುಗಿಸುವ ಹೊತ್ತಿಗೆ ಸಿಟ್ಟು ಆರಿರುತ್ತಿತ್ತು. ಮೊದಲ ವಾರ ಗುರುಸಿದ್ದವ್ವ, "ಮನ್ಯಾಗ ಗಡಿಗಿ ಸಪ್ಪಳ ಕೇಳಸಾಕತ್ತೇತಿ ನೋಡವಾ, ಎಷ್ಟ ಚಂದ!" ಎಂದು ನೆರೆಮನೆಯವರ ಮುಂದೆ ಹಿಗ್ಗಿದಳು. ಎರಡನೆಯ ವಾರ ಅವಳೇ ಬೇಕಂತ ಪಾತ್ರೆ ಕುಕ್ಕತೊಡಗಿದಳು.

ಅತ್ತ ಮೇಳದವರು ಅವನ ರಾಕ್ಷಸ ಪಾತ್ರವನ್ನು ಟ್ರ್ಯಾಕ್ಟರ್ ಓಡಿಸುವ ಸಂಗನಬಸವನಿಗೆ ಕೊಟ್ಟರು. ಹುಡುಗ ಒಳ್ಳೆಯವನು, ಬಂದು ಕಾಲಿಗೆ ಬಿದ್ದು ಹೋದ. ಶಿವಯೋಗೆಪ್ಪ ಆಶೀರ್ವಾದ ಮಾಡಿ, ಕಿರೀಟವನ್ನು ಒರೆಸಿ ಕೊಟ್ಟ. ಆಟ ನೋಡಲು ಮಾತ್ರ ಹೋಗಲಿಲ್ಲ. ಮೇಲಟ್ಟದ ಮೇಲೆ ತನ್ನ ಹಳೆಯ ಕಿರೀಟ ಇನ್ನೊಂದಿದೆ ಎಂಬುದನ್ನು ಅವನು ಯಾರಿಗೂ ಹೇಳಲೂ ಇಲ್ಲ. ಹೇಳಲು ದನಿಯೂ ಇರಲಿಲ್ಲ, ಅಷ್ಟು ಹಿಟ್ಟೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಬಂದವಳು ಶೈಲಾ, ಅವನ ತಂಗಿಯ ಮಗಳು. ಟಿಕೋಟಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಅವರ ಶಾಲೆಯಲ್ಲಿ ವಿಜ್ಞಾನ ಹಬ್ಬ. ಅದಕ್ಕಾಗಿ ಒಂದು ಪುರಾತನ ಪೆಂಗ್ವಿನ್ನಿನ ಆಳೆತ್ತರದ ಪ್ರತಿಮೆಯನ್ನು ಥರ್ಮೋಕೋಲಿನಲ್ಲಿ ಮಾಡಿಸಿದ್ದಳು. ವಿಜಯಪುರದಿಂದ ಟಂಟಂ ಆಟೋದಲ್ಲಿ ತರುವಾಗ ರಸ್ತೆಯ ತಗ್ಗಿಗೆ ಅದರ ಕುತ್ತಿಗೆ ಹೋಯಿತು, ಮುಂದಿನ ತಗ್ಗಿಗೆ ಸೊಂಟವೂ ಹೋಯಿತು.

"ಮಾಮಾ, ಹಬ್ಬ ಹತ್ತರ ಬಂತು. ನೀ ಅದರ ವೇಷ ಹಾಕ್ಕೊಂಡು ನಿಂದ್ರತಿಯೇನು?"

ಶಿವಯೋಗೆಪ್ಪ ಹಿಟ್ಟಿನಲ್ಲಿ ಬರೆದ: 'ಪಾರ್ಟ್?'

"ಪಾರ್ಟ್ ಐತಿ. ಮಾತಿಲ್ಲ."

ಅವನು ಆ ಹಿಟ್ಟನ್ನು ಅಂಗೈಯಿಂದ ಒರೆಸಿಬಿಟ್ಟ. ಮಾತಿಲ್ಲದ ಪಾರ್ಟ್ ಎಂದರೆ ಉಪ್ಪಿಲ್ಲದ ಜುಣಕ.

"ಅದರ ಹೆಸರು ಕುಮಿಮಾನು ಅಂತ," ಶೈಲಾ ಬಿಡಲಿಲ್ಲ. "ನ್ಯೂಜಿಲೆಂಡದಾಗ ಸಿಕ್ಕೇತಿ. ಅಲ್ಲಿ ಮಾವೊರಿ ಮಂದಿ ಭಾಷಾದಾಗ ಆ ಹೆಸರಿಗೆ ರಾಕ್ಷಸ ಹಕ್ಕಿ ಅಂತ ಅರ್ಥ."

ರಾಕ್ಷಸ! ಶಿವಯೋಗೆಪ್ಪನ ಹುಬ್ಬು ಮೆಲ್ಲಗೆ ಏರಿತು. ಅವನು ಸ್ಟೂಲು ಎಳೆದು ಶೈಲಾಳ ಮುಂದಿಟ್ಟ. ಗಿರಣಿಯ ಬಾಗಿಲಲ್ಲಿ ಕೂತು ಕೌದಿ ಹೊಲಿಯುತ್ತಿದ್ದ ಗುರುಸಿದ್ದವ್ವ ಸೂಜಿ ನಿಲ್ಲಿಸಿದಳು.

"ಎಷ್ಟ ಹಳೇದು ಅದು?"

"ಐದೂವರಿ ಕೋಟಿ ವರ್ಷಕ್ಕಿಂತಾ ಹಿಂದಿಂದು, ಅತ್ತಿ. ಆದ್ರ ನಮ್ಮ ಖಣಿಯಾಗ ಒಡಿತಾರಲ್ಲ ಕರಿಕಲ್ಲು, ಅದು ಇನ್ನೂ ಹಳೇದು. ನೆಲದಾಗಿಂದ ಬೆಂಕಿಯಾಗಿ ಹರದು ಬಂದು ಆರಿದ್ದು. ಅದಕ್ಕ ಅದರಾಗ ಎಲಬು ಸಿಗಾಂಗಿಲ್ಲ. ಆ ಹಕ್ಕಿ ಎಲಬು ಸಿಕ್ಕಿದ್ದು ಸಮುದ್ರದ ದಂಡಿ ಗುಂಡುಕಲ್ಲಿನ್ಯಾಗ."

"ತೂಕ?"

"ಒಂದೂವರಿ ಕ್ವಿಂಟಲ್ ಅಂತ ಅಂದಾಜು. ಈಗ ಬದುಕಿದ್ದ ಪೆಂಗ್ವಿನ್‌ದಾಗ ಎಲ್ಲಾಕಿಂತ ದೊಡ್ಡದಕ್ಕ ಚಕ್ರವರ್ತಿ ಪೆಂಗ್ವಿನ್ ಅಂತಾರ. ಅದು ನಾಕು ಇದರ ಒಂದಕ್ಕ ಸಮ."

ಚಕ್ರವರ್ತಿಗಿಂತ ನಾಲ್ಕು ಪಟ್ಟು ದೊಡ್ಡ ರಾಕ್ಷಸ. ಶಿವಯೋಗೆಪ್ಪ ಮೀಸೆ ತಿರುವಿದ. ಗುರುಸಿದ್ದವ್ವನಿಗೆ ಮಾತ್ರ ಅನುಮಾನ ಹೋಗಲಿಲ್ಲ.

"ಸತ್ತು ಕಲ್ಲಾದದ್ದರ ತೂಕ ಹೆಂಗ ಗೊತ್ತಾತು? ತಕ್ಕಡಿಗೆ ಹಾಕಿದ್ರೇನು?"

"ರೆಕ್ಕಿ ಎಲಬಿನ ದಪ್ಪ ಅಳದು, ಈಗಿನ ಪೆಂಗ್ವಿನ್ ಎಲಬಿಗೆ ಹೋಲಿಸಿ ಲೆಕ್ಕಾ ಹಾಕ್ತಾರ."

"ಅಯ್ಯ, ಬಳಿಗಾರ ಮದಲಗಿತ್ತಿ ಮುಂಗೈ ಹಿಡದು ಆಕಿ ಮೈಕಟ್ಟು ಹೇಳಿದಂಗ ಅನ್ನು!" ಗುರುಸಿದ್ದವ್ವನಿಗೆ ವಿಜ್ಞಾನದ ಮೇಲೆ ಆ ಕ್ಷಣ ನಂಬಿಕೆ ಹುಟ್ಟಿತು.

ಆಮೇಲೆ ಪ್ರಶ್ನೆಗಳ ಮಳೆ. ಪೆಂಗ್ವಿನ್ನಿನ ಎಲುಬು ಹಾರುವ ಹಕ್ಕಿಗಳ ಎಲುಬಿನ ಹಾಗೆ ಟೊಳ್ಳಲ್ಲ, ಗಟ್ಟಿ. ಅದರಿಂದಲೇ ನೀರಿನಲ್ಲಿ ಆಳಕ್ಕೆ ಇಳಿಯಲು ಆಗುತ್ತದೆ ಎಂದಳು ಶೈಲಾ. ಆ ಕಾಲದ ಹಲವು ಪೆಂಗ್ವಿನ್ನುಗಳಿಗೆ ಈಟಿಯಂಥ ಉದ್ದ ಕೊಕ್ಕು ಇತ್ತು ಎಂದಳು. ಬಣ್ಣದ ಮಾತು ಬಂದಾಗ ನಿಂತು ಯೋಚಿಸಿದಳು. "ಇದರ ಪುಕ್ಕ ಸಿಕ್ಕಿಲ್ಲ. ಆದ್ರ ಪೆರು ದೇಶದಾಗ ಮತ್ತೊಂದು ದೊಡ್ಡ ಪೆಂಗ್ವಿನ್ ಪುಕ್ಕದ ಸಮೇತ ಕಲ್ಲಾಗಿ ಸಿಕ್ಕೇತಿ. ಅದು ಕರಿ ಬಿಳಿ ಇದ್ದಿಲ್ಲ. ಕೆಂಪುಗಂದು, ಬೂದಿ ಬಣ್ಣ. ನಾವೂ ಅದ ಬಣ್ಣ ಹಚ್ಚೂಣು. ಆದ್ರ ಇದು ಅಂದಾಜು ಅಂತ ಬೋರ್ಡಿನ ಮ್ಯಾಲ ಬರೀತೇನಿ."

"ಮತ್ತ ಇಂಥಾ ದೊಡ್ಡವು ಯಾಕ ಸತ್ತುವು?"

"ಖಾತ್ರಿ ಯಾರಿಗೂ ಗೊತ್ತಿಲ್ಲ ಅತ್ತಿ. ಮುಂದ ಸಮುದ್ರದಾಗ ತಿಮಿಂಗಿಲ, ಸೀಲ್ ಬಂದು ಬೆಳದ ಮ್ಯಾಲ ದೊಡ್ಡ ಹಕ್ಕಿಗೆ ಜಾಗಾ ಸಾಲಲಿಲ್ಲೇನೋ ಅಂತಾರ."

ಶಿವಯೋಗೆಪ್ಪ ಬಾಗಿಲಾಚೆ ನೋಡಿದ. ಅಲ್ಲಿ ಸಂಗನಬಸವ ಟ್ರ್ಯಾಕ್ಟರ್ ತಿರುಗಿಸುತ್ತ ಪಾತ್ರದ ಮಾತು ಉರು ಹೊಡೆಯುತ್ತಿದ್ದ. ಶಿವಯೋಗೆಪ್ಪ ತನ್ನ ಗಂಟಲನ್ನು ಬೆರಳಿನಿಂದ ಮುಟ್ಟಿ ಶೈಲಾಳ ಕಡೆ ಹುಬ್ಬು ಹಾರಿಸಿದ.

"ದನಿಯೇನು ಮಾಮಾ? ದನಿ ಕಲ್ಲಿನ್ಯಾಗ ಉಳ್ಯಾಂಗಿಲ್ಲ. ಎಲಬು ಉಳಿತಾವ, ಒಮ್ಮೊಮ್ಮೆ ಪುಕ್ಕದ ಬಣ್ಣಾನೂ ಉಳಿತೈತಿ. ಅದು ಹೆಂಗ ಒದರತಿತ್ತು, ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನಾವು ತೋರಸೂದಿಲ್ಲ. ಅದಕ್ಕ ನೀ ಬಾಯಿ ತಗೀಬಾರದು."

ಶಿವಯೋಗೆಪ್ಪನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಎದ್ದು ಹೋಗಿ ಎಲ್ಲರಿಗೂ ಚಹಾ ಹೇಳಿ ಬಂದ, ಕೈಸನ್ನೆಯಲ್ಲೇ. ಇಷ್ಟು ದಿನ ಅವನು ದನಿ ಕಳೆದುಕೊಂಡ ಗಿರಣಿಯವನಾಗಿದ್ದ. ಈಗ ದನಿ ಇಲ್ಲದಿರುವುದೇ ಯೋಗ್ಯತೆಯಾದ ಪಾತ್ರವೊಂದು ಐದೂವರೆ ಕೋಟಿ ವರ್ಷ ಅವನಿಗಾಗಿ ಕಾದು ಕೂತಿತ್ತು. ಇಂಥ ತಾಳ್ಮೆಯ ಪಾತ್ರಕ್ಕೆ ಯಾರು ತಾನೆ ಋಣಿಯಾಗುವುದಿಲ್ಲ?

ವೇಷ ಕಟ್ಟುವ ಮಹಾಕಾರ್ಯ ಗುರುಸಿದ್ದವ್ವನ ಪಾಲಿಗೆ ಬಂತು. ಕೌದಿ ಎಂದರೆ ಹಳೆಯ ಸೀರೆಗಳನ್ನು ಪದರ ಪದರ ಇಟ್ಟು ಹೊಲಿದ ಹೊದಿಕೆ. ಅವಳು ಹಕ್ಕಿಯನ್ನೂ ಅದೇ ಲೆಕ್ಕದಲ್ಲಿ ಹೊಲಿದಳು. ಓಣಿಯ ಹೆಣ್ಣುಮಕ್ಕಳು ಕೆಂಪುಗಂದು, ಬೂದು ಬಣ್ಣದ ಸೀರೆ ಹುಡುಕಿ ಕೊಟ್ಟರು. ಗೈಬುಸಾಬನ ಹೆಂಡತಿ ಆಶಾಬಿ ತನ್ನ ಬುರ್ಖಾದ ಹಳೆಯ ಬೂದು ಬಟ್ಟೆ ತಂದು, "ಹೊಟ್ಟಿಗೆ ಹಾಕರಿ ಅಕ್ಕಾ, ಹೊಟ್ಟಿ ಬಾಳ ದೊಡ್ಡದೈತಿ" ಎಂದಳು. ಬಿದಿರಿನ ಕಡ್ಡಿಯಿಂದ ಕೊಕ್ಕು ಬಂತು. ದ್ರಾಕ್ಷಿ ತೋಟದ ಹರಿದ ಬಲೆಯಿಂದ ಬಾಲ ಬಂತು.

ಒಂದೇ ಒಂದು ಯುದ್ಧ ನಡೆಯಿತು. ಶಿವಯೋಗೆಪ್ಪ ಮೇಲಟ್ಟದಿಂದ ಕಿರೀಟ ಇಳಿಸಿ ತಂದು ಹಕ್ಕಿಯ ತಲೆಯ ಮೇಲಿಟ್ಟ. ಶೈಲಾ ತೆಗೆದಳು. ಅವನು ಇಟ್ಟ. ಅವಳು ತೆಗೆದಳು.

"ಮಾಮಾ, ಎಲಬಿನ ಸಂಗಾಟ ಕಿರೀಟ ಸಿಕ್ಕಿಲ್ಲ!"

ಅವನು ಹಿಟ್ಟಿನಲ್ಲಿ ಬರೆದ: 'ಸರಿಯಾಗಿ ಹುಡುಕಿಲ್ಲ.'

ಕೊನೆಗೆ ಗುರುಸಿದ್ದವ್ವ ನಡುವೆ ಬಂದಳು. "ಕೂಸಿನ ಮಾತು ಕೇಳ್ರಿ. ಇಲ್ಲಾಂದ್ರ ನಾ ಹೊಲಿಗಿ ಬಿಚ್ಚತೇನಿ." ರಾಕ್ಷಸ ಶರಣಾದ.

ಹಬ್ಬದ ದಿನ ಟಿಕೋಟಾದ ಶಾಲೆಯ ಬಯಲು ತುಂಬಿ ತುಳುಕಿತು. ಕನಮಡಿಯಿಂದ ಮಕ್ಕಳನ್ನು ಕರೆತಂದವರಿದ್ದರು. ಬಬಲೇಶ್ವರದಿಂದ ನಮ್ಮ ಇಡೀ ಮೇಳವೇ ಬಂದಿತ್ತು. ಶಿವಯೋಗೆಪ್ಪ ಮತ್ತೆ ರಂಗಕ್ಕೆ ಬರುತ್ತಾನೆ ಎಂದರೆ ಗಿರಣಿ ಎಲ್ಲಿ, ಟ್ರ್ಯಾಕ್ಟರ್ ಎಲ್ಲಿ? ಗುರುಸಿದ್ದವ್ವ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಆಶಾಬಿ. ಮೈಕಿನ ಮುಂದೆ ಗೈಬುಸಾಬ. ಶೈಲಾ ಅವನಿಗೆ ಗಟ್ಟಿಯಾಗಿ ಹೇಳಿಕೊಟ್ಟಿದ್ದಳು: "ಕಾಕಾ, ಕುಮಿಮಾನು ಬಂತು ಅಂತ ಅನ್ನೂದು, ಬಾಜೂಕ ಸರಿಯೂದು. ಅಷ್ಟ." ಗೈಬುಸಾಬ, "ಇಷ್ಟೂ ತಿಳ್ಯಾಂಗಿಲ್ಲೇನವಾ?" ಎಂದು ನಕ್ಕಿದ್ದ.

ಪರದೆ ಸರಿಯಿತು. ಒಳಗಿಂದ ರಾಕ್ಷಸ ಹಕ್ಕಿ ಬಂತು. ಆಳೆತ್ತರ, ಎರಡಾಳಗಲ, ಈಟಿಯ ಕೊಕ್ಕು. ಅದು ಪೆಂಗ್ವಿನ್ನಿನ ಹಾಗೆ ಹೊಯ್ದಾಡುತ್ತ ಎರಡು ಹೆಜ್ಜೆ ಇಟ್ಟಿತು; ಮೂರನೆಯದು ಮಾತ್ರ ತಡೆಯಲಾರದೆ ದೊಡ್ಡಾಟದ ಹೆಜ್ಜೆಯಾಗಿ ಧಡ್ ಎಂದು ಬಿತ್ತು. ಹಲಗೆ ನಡುಗಿತು. ಮಕ್ಕಳು ಹೋ ಎಂದರು.

ಆ ಹೆಜ್ಜೆಯ ಸದ್ದು ಕಿವಿಗೆ ಬಿದ್ದದ್ದೇ ತಡ, ಗೈಬುಸಾಬನ ಮೈಯೊಳಗಿನ ಸಾರಥಿ ಎದ್ದು ನಿಂತ. ಶೈಲಾ ಹೇಳಿಕೊಟ್ಟದ್ದು ಗಾಳಿಗೆ ಹೋಯಿತು. ಅವನು ಕೈ ಅಡ್ಡ ಚಾಚಿ ಮೈಕಿನಲ್ಲಿ ಮೊಳಗಿದ:

"ಎಲೈ ಭೀಕರಾಕಾರನೇ! ತಾವು ಧಾರು? ತಮ್ಮ ಸ್ಥಳ ಯಾವುದು? ತಮ್ಮ ನಾಮಾಂಕಿತವೇನು? ಬಲ್ಲಂತೆ ಹೇಳುವಂಥವರಾಗಿರಿ!"

ಕೇಳಿದ ಮೇಲೆಯೇ ಅವನಿಗೆ ತಾನು ಮಾಡಿದ್ದೇನೆಂದು ಹೊಳೆದದ್ದು. ಮುಖ ಹಿಟ್ಟಿನಂತೆ ಬಿಳುಪೇರಿತು. ಆದರೆ ರಂಗದ ಮೇಲೆ ಕೇಳಿದ ಪ್ರಶ್ನೆಯನ್ನು ಹಿಂತೆಗೆದುಕೊಂಡ ಸಾರಥಿ ಇಂದಿನವರೆಗೆ ಹುಟ್ಟಿಲ್ಲ. ಮೇಳದವರು ಉಸಿರು ಹಿಡಿದರು. ಉತ್ತರ ಕೊಡದೆ ಇಳಿದರೆ ರಂಗಕ್ಕೆ ಅಪಮಾನ. ಕೊಟ್ಟರೆ?

ಹಕ್ಕಿಯ ಎದೆ ಉಬ್ಬತೊಡಗಿತು.

ಕೌದಿಯ ಆ ಹೊಲಿಗೆಗಳನ್ನು ಒಂದೊಂದಾಗಿ ಹಾಕಿದ್ದ ಗುರುಸಿದ್ದವ್ವನಿಗೆ, ಅವು ಬಿಗಿಯುತ್ತಿರುವುದು ಕೆಳಗಿನಿಂದಲೇ ಕಂಡಿತು. ಮದುವೆಯಾದಂದಿನಿಂದ ಅವಳು ಆ ಉಸಿರನ್ನು ಬಲ್ಲಳು. ಅದು ಗರ್ಜನೆಯ ಉಸಿರು. ಗಂಡನಿಗೆ ಗಾಯ, ಡಾಕ್ಟರು, ಶೈಲಾ ಎಲ್ಲ ಮರೆತುಹೋಗಿದೆ. ಅವನ ಮೈಗೆ ನೆನಪಿರುವುದು ರಂಗವೊಂದೇ.

ಅವಳು ದಡಕ್ಕನೆ ಎದ್ದಳು. ದೊಡ್ಡಾಟದ ರಂಗದ ಹತ್ತಿರವೂ ಸುಳಿಯದಿದ್ದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಡೀ ಬಯಲಿಗೆ ಕೇಳುವಂತೆ ಕೂಗಿದಳು:

"ಏ ಗೈಬಣ್ಣಾ! ಅವರನ್ಯಾಕ ಕೇಳತಿ? ನನ್ನ ಕೇಳೋ!"

ಹಕ್ಕಿ ಬೆಚ್ಚಿತು. ಗೈಬುಸಾಬ ಒಂದು ಕ್ಷಣ ಕಣ್ಣು ಪಿಳುಕಿಸಿದ. ಆಮೇಲೆ ಅಲ್ಲಾಹನಿಗೂ ಸಿದ್ಧೇಶ್ವರನಿಗೂ ಒಟ್ಟಿಗೇ ಮನಸ್ಸಿನಲ್ಲಿ ಕೈಮುಗಿದು, ಪೂರ್ತಿ ಅವಳ ಕಡೆ ತಿರುಗಿದ.

"ಭಲಾ! ಹಾಗಾದರೆ ಹೇಳುವಂಥವಳಾಗು ತಾಯೇ, ಇವರ ಸ್ಥಳ ಯಾವುದು?"

"ನ್ಯೂಜಿಲೆಂಡು! ಸಮುದ್ರದ ದಂಡಿ! ಗುಂಡುಕಲ್ಲಿನ್ಯಾಗ ಮಲಗಿದ್ರು!"

"ಭಲಾ! ಎಷ್ಟು ಕಾಲ?"

"ಐದೂವರಿ ಕೋಟಿ ವರ್ಷ! ಈಗೂ ಎಬ್ಬಿಸಿದ್ರ ಲಗೂನ ಏಳಾಂಗಿಲ್ಲ!"

ಬಯಲು ನಕ್ಕಿತು. ಹಕ್ಕಿಯ ಎದೆ ಇನ್ನೂ ಉಬ್ಬಿಯೇ ಇತ್ತು. ಗುರುಸಿದ್ದವ್ವ ಅದರ ಮೇಲಿನ ಕಣ್ಣು ಕೀಳಲಿಲ್ಲ.

"ತೂಕ?"

"ಒಂದೂವರಿ ಕ್ವಿಂಟಲ್! ರೆಕ್ಕಿ ಎಲಬು ಅಳದು ಹೇಳ್ಯಾರ!"

"ಇಷ್ಟು ದೊಡ್ಡ ರೆಕ್ಕೆ ಇದ್ದು ಹಾರುವರೋ?"

"ಹಾರಾಂಗಿಲ್ಲ, ಈಸತಾರ! ಎಲಬು ಗಟ್ಟಿ, ಟೊಳ್ಳಲ್ಲ!"

"ಆಹಾರ?"

"ಅಲ್ಲಿ ಮೀನ! ಇಲ್ಲಿ ನಾ ಬಡದ ರೊಟ್ಟಿ!"

"ಭಲಾ ಭಲಾ! ಕಡೆಯದಾಗಿ ಇವರ ನಾಮಾಂಕಿತವೇನು?"

ಗುರುಸಿದ್ದವ್ವನ ಮಾತು ತಟ್ಟನೆ ನಿಂತಿತು. ಕುಮಿಮಾನು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಎದುರಿಗೆ ನಿಂತದ್ದು ಅವಳ ಗಂಡ. ಗಂಡನ ಹೆಸರು ಕೇಳಿದರೆ ನಮ್ಮ ಕಡೆಯ ಹೆಣ್ಣುಮಕ್ಕಳು ಸೀದಾ ಹೇಳುವುದಿಲ್ಲ. ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ಅವಳ ಮುಖ ಕೆಂಪೇರಿದ್ದು ಕಂಡು ಹೆಂಗಸರ ಸಾಲಿಗೆ ಎಲ್ಲವೂ ಅರ್ಥವಾಯಿತು. ಆಶಾಬಿಯೇ ಮೊದಲು ಕೂಗಿದಳು, "ಒಡಪು ಹಾಕರಿ ಅಕ್ಕಾ!" ಅವಳ ಹಿಂದೆಯೇ ಇಡೀ ಬಯಲು: "ಒಡಪು! ಒಡಪು!"

ಗುರುಸಿದ್ದವ್ವ ಸೆರಗು ತಲೆಯ ಮೇಲೆಳೆದುಕೊಂಡಳು. ಹಕ್ಕಿಯ ಕಣ್ಣಿನ ತೂತಿನೊಳಗೆ ನೇರ ನೋಡುತ್ತ ಹೇಳಿದಳು:

"ಕಲ್ಲಿನ್ಯಾಗ ಎಲಬು, ಎಲಬಿನ್ಯಾಗ ಕಥಿ,
ಕಥಿ ಓದಿ ಸಾಲಿ ಮಕ್ಕಳಿಗೆ ಬಂತು ಮತಿ,
ಬಾಯಿ ಮುಚಗೊಂಡು ನಿಂತ್ರೂ ರಾಜಾನ ನನ್ನ ಪತಿ,
ಶಿವಯೋಗೆಪ್ಪನವರ ಹೆಸರು ಹೇಳತೇನಿ, ಕೇಳೋ ಸಾರಥಿ!"

ಬಯಲು ಎದ್ದು ನಿಂತಿತು. ಸಂಗನಬಸವ ಟೊಪ್ಪಿಗೆ ಮೇಲಕ್ಕೆ ತೂರಿದ. ಆ ಗದ್ದಲದಲ್ಲಿ ಹಕ್ಕಿಯ ಎದೆಯೊಳಗಿನ ಉಸಿರು ಮೆಲ್ಲಗೆ, ಸದ್ದಿಲ್ಲದೆ ಇಳಿಯಿತು. ಇಳಿಯುವಾಗ ಬಿದಿರಿನ ಕೊಕ್ಕಿನ ಸಂದಿಯಿಂದ ಬರೀ ಗಾಳಿ 'ಸುಂಯ್' ಎಂದಿತು. ಮಕ್ಕಳು ಅದೇ ಹಕ್ಕಿಯ ದನಿಯೆಂದು ಕುಣಿದರು. ಶೈಲಾ ಓಡಿ ಬಂದು ಮೈಕು ಕಸಿದುಕೊಂಡಳು.

"ಮಕ್ಕಳಾ, ಆ ಸಪ್ಪಳಕ್ಕ ಆಧಾರ ಇಲ್ಲ! ಅದು ಕೊಕ್ಕಿನ ಗಾಳಿ! ಮತ್ತ ಹಕ್ಕಿ ಹೆಸರು ಕುಮಿಮಾನು, ಶಿವಯೋಗೆಪ್ಪ ಅಲ್ಲ!"

ಯಾರೂ ಕೇಳಲಿಲ್ಲ. ಟಿಕೋಟಾದ ಮಕ್ಕಳು ಇಂದಿಗೂ ಆ ಪೆಂಗ್ವಿನ್ನಿಗೆ ಎರಡೂ ಹೆಸರು ಸೇರಿಸಿಯೇ ಹೇಳುತ್ತಾರೆಂದು ಶೈಲಾ ತಲೆ ಚಚ್ಚಿಕೊಳ್ಳುತ್ತಾಳೆ. ಆದರೆ ತೂಕ, ಕಾಲ, ಎಲುಬಿನ ಗಟ್ಟಿತನ ಒಂದನ್ನೂ ಯಾರೂ ತಪ್ಪು ಹೇಳುವುದಿಲ್ಲ ಎಂದು ಅವಳೇ ಒಪ್ಪುತ್ತಾಳೆ. ಅತ್ತೆ ಹೇಳಿಕೊಟ್ಟ ಪಾಠಕ್ಕೆ ಅವಳು ಆ ಸಂಜೆಯೇ ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿದಳು. ಗೈಬುಸಾಬ ಶಿವಯೋಗೆಪ್ಪನ ಕೌದಿಯ ರೆಕ್ಕೆ ಹಿಡಿದು, "ನನ್ನ ನಾಲಿಗಿ ಕಡದು ಒಗೀಲೇನು ದೋಸ್ತ?" ಎಂದು ಅತ್ತ. ಶಿವಯೋಗೆಪ್ಪ ಎರಡೂ ರೆಕ್ಕೆಗಳಿಂದ ಅವನನ್ನು ಅಪ್ಪಿಕೊಂಡ. ಬಿದಿರಿನ ಕೊಕ್ಕು ಗೈಬುಸಾಬನ ಟೊಪ್ಪಿಗೆಯನ್ನು ಬೀಳಿಸಿತು.

ಅದಾದ ಕೆಲವು ವಾರಕ್ಕೆ ಗಂಡ ಹೆಂಡತಿ ವಿಜಯಪುರಕ್ಕೆ ಹೋದರು. ಡಾಕ್ಟರು ಕೊಳವೆ ಇಳಿಸಿ, ಬಹಳ ಹೊತ್ತು ನೋಡಿದರು. ಗುರುಸಿದ್ದವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು.

"ಗಾಯ ಮಾಯೇತಿ," ಎಂದರು ಅರುಣಕುಮಾರ. "ರಾಕ್ಷಸನ ಪಾರ್ಟ್ ಇನ್ನ ಮ್ಯಾಲ ಬ್ಯಾರೇದವರಿಗೆ ಬಿಡ್ರಿ, ಅಂಥಾ ದನಿ ವಾಪಸ್ ಬರಾಂಗಿಲ್ಲ. ಆದ್ರ ಮನ್ಯಾಗ ಮಾತಾಡಾಕ ಅಡ್ಡಿಯಿಲ್ಲ. ಈಗ ಏನರ ಒಂದು ಅನ್ರಿ ನೋಡೂಣು. ಮೆಲ್ಲಕ. ಮನಸಿಗೆ ಬಂದದ್ದು ಏನರ ಅನ್ರಿ."

ಶಿವಯೋಗೆಪ್ಪ ನೀರು ಕುಡಿದ. ಎಲ್ಲ ಅಸುರರ ಪ್ರವೇಶದ ಮಾತುಗಳೂ ಅವನ ನಾಲಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದಿರಬೇಕು. ಅವನು ಯಾವುದನ್ನೂ ಹೊರಗೆ ಬಿಡಲಿಲ್ಲ.

"ಗುರುಸಿದ್ದವ್ವಾ," ಎಂದ.

ದನಿ ಎಷ್ಟು ತೆಳ್ಳಗಿತ್ತೆಂದರೆ, ಎಷ್ಟು ಹೊಸದಾಗಿತ್ತೆಂದರೆ, ಅವಳು ಯಾರೋ ಹೊರಗಿನವರು ಕರೆದರೆಂದು ಬಾಗಿಲ ಕಡೆ ತಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ಓ," ಎಂದಳು.